ಚಳಿಯ ಮೇಲೇಕೆ ಗೂಬೆ ಕೂರಿಸುವುದು?

ಹುತ್ತರಿ ಕಳೆದು ಕಾಫಿ ಕೊಯ್ಲು ಬಿರುಸು ಹಿಡಿಯುವ ಹೊತ್ತಿಗೆ ಕೊಡಗಿನ ತೋಟಗಳಲ್ಲಿ ಬೆಳಬೆಳಗ್ಗೆ ಒಂದು ದೂರು ಖಾಯಂ: ‘ಸಾಹುಕಾರ್ರೇ, ಚಳಿಗೆ ಹಿಡ್ಕೊಂಡಿದೆ, ಸ್ಟಾರ್ಟೇ ಆಗ್ತಿಲ್ಲ.’ ಹೇಳುವವನು ಡ್ರೈವರ್. ಹಿಡಿದುಕೊಂಡಿರುವುದು ಹದಿನೈದೋ ಇಪ್ಪತ್ತೋ ಎಚ್‌.ಪಿ.ಯ ಪುಟ್ಟ ಟ್ರ್ಯಾಕ್ಟರ್. ಸೆಲ್ಫ್ ಹೊಡೆದರೆ ಒಂದೆರಡು ಸಲ ನರಳುತ್ತದೆ, ಸೈಲೆನ್ಸರ್‌ನಿಂದ ಬಿಳಿ ಹೊಗೆ ಉಗುಳುತ್ತದೆ, ಆಮೇಲೆ ‘ಕಟಕ್’ ಎಂದು ಸುಮ್ಮನಾಗುತ್ತದೆ. ಏಣಿ, ಖಾಲಿ ಗೋಣಿ, ಕುಡಿಯುವ ನೀರಿನ ಡ್ರಮ್ಮು ಎಲ್ಲವೂ ಟ್ರೈಲರ್‌ನಲ್ಲೇ ಕೂತಿವೆ. ಆಳುಗಳು ಆಗಲೇ ತೋಟ ಸೇರಿಯಾಗಿದೆ. ಕೊಯ್ಲಿನ ದಿನಗಳಲ್ಲಿ ಒಂದು ಗಂಟೆ ತಡವಾದರೆ ಅದರ ಬೆಲೆ ಏನೆಂದು ಬೆಳೆಗಾರರಿಗೆ ಯಾರೂ ಹೇಳಿಕೊಡಬೇಕಿಲ್ಲ.

ಹಾಗಾದರೆ ತಪ್ಪು ಚಳಿಯದ್ದೇ?

ಮಡಿಕೇರಿ ಸಮುದ್ರಮಟ್ಟದಿಂದ 1,100 ಮೀಟರ್‌ಗೂ ಹೆಚ್ಚು ಎತ್ತರದಲ್ಲಿದೆ. ಡಿಸೆಂಬರ್–ಜನವರಿಯ ನಸುಕಿನಲ್ಲಿ ಅಲ್ಲಿನ ಉಷ್ಣಾಂಶ ಹತ್ತು–ಹನ್ನೆರಡು ಡಿಗ್ರಿಯ ಆಸುಪಾಸಿಗೆ ಇಳಿಯುವುದುಂಟು. ಮಾದಾಪುರ, ಗಾಳಿಬೀಡು, ಭಾಗಮಂಡಲದ ಕಣಿವೆಗಳಲ್ಲಿ ಮಂಜು ಕವಿದರೆ ಒಂಬತ್ತು ಗಂಟೆಯಾದರೂ ಶೆಡ್ಡಿನ ತಗಡು ತೊಟ್ಟಿಕ್ಕುತ್ತಿರುತ್ತದೆ. ಮನುಷ್ಯನಿಗೆ ಕಂಬಳಿ ಬಿಡಲು ಮನಸ್ಸಾಗದ ಚಳಿ ಅದು, ನಿಜ. ಆದರೆ ಸುಸ್ಥಿತಿಯಲ್ಲಿರುವ ಡೀಸೆಲ್ ಎಂಜಿನ್‌ಗೆ ಅದು ಲೆಕ್ಕಕ್ಕೇ ಇಲ್ಲ. ಯಂತ್ರದ ಒಳಗೆ ಏನು ನಡೆಯುತ್ತದೆ ಎಂಬುದನ್ನು ನೋಡಿದರೆ ಚಳಿಯ ಪಾಲೆಷ್ಟು, ನಮ್ಮ ಪಾಲೆಷ್ಟು ಎಂಬುದು ಗೊತ್ತಾಗುತ್ತದೆ.

ಸಿಲಿಂಡರ್ ಒಳಗಿನ ಲೆಕ್ಕ

ಪೆಟ್ರೋಲ್ ಎಂಜಿನ್‌ನಲ್ಲಿ ಕಿಡಿ ಹಚ್ಚಲು ಸ್ಪಾರ್ಕ್ ಪ್ಲಗ್ ಇರುತ್ತದೆ. ಡೀಸೆಲ್ ಎಂಜಿನ್‌ನಲ್ಲಿ ಅಂಥದ್ದಿಲ್ಲ. ಜರ್ಮನಿಯ ರುಡಾಲ್ಫ್ ಡೀಸೆಲ್ 1897ರಲ್ಲಿ ಆಗ್ಸ್‌ಬರ್ಗ್‌ನಲ್ಲಿ ಓಡಿಸಿ ತೋರಿಸಿದ ಎಂಜಿನ್ನಿನ ತಿರುಳೇ ಅದು: ಗಾಳಿಯನ್ನು ಬಲವಾಗಿ ಒತ್ತಿದರೆ ಅದು ತಾನಾಗಿ ಕಾಯುತ್ತದೆ, ಕಾದ ಗಾಳಿಗೆ ಎಣ್ಣೆ ಸಿಂಪಡಿಸಿದರೆ ತಾನಾಗಿ ಹೊತ್ತಿಕೊಳ್ಳುತ್ತದೆ. ಇಂದಿನ ಸಣ್ಣ ಟ್ರ್ಯಾಕ್ಟರ್‌ಗಳು ಗಾಳಿಯನ್ನು ಅದರ ಮೂಲ ಗಾತ್ರದ ಹದಿನೇಳನೆಯ ಒಂದು ಭಾಗಕ್ಕೋ ಇಪ್ಪತ್ತನೆಯ ಒಂದು ಭಾಗಕ್ಕೋ ಒತ್ತುತ್ತವೆ.

ಇಪ್ಪತ್ತು ಪಟ್ಟು ಒತ್ತುವ ಎಂಜಿನ್ನನ್ನೇ ತೆಗೆದುಕೊಳ್ಳಿ. ಹೊರಗೆ 30 ಡಿಗ್ರಿ ಇರುವ ಮಧ್ಯಾಹ್ನ, ಒತ್ತಿದ ಗಾಳಿ ಸುಮಾರು 470 ಡಿಗ್ರಿಗೆ ಕಾಯುತ್ತದೆ. ಹೊರಗೆ 10 ಡಿಗ್ರಿ ಇರುವ ಮುಂಜಾನೆ, ಅದೇ ಎಂಜಿನ್‌ನಲ್ಲಿ ಅದು 420ಕ್ಕೆ ನಿಲ್ಲುತ್ತದೆ. ಹೊರಗಿನ ಇಪ್ಪತ್ತು ಡಿಗ್ರಿ ವ್ಯತ್ಯಾಸ ಒಳಗೆ ಐವತ್ತಾಗುತ್ತದೆ. ಆದರೂ ಡೀಸೆಲ್ ತಾನಾಗಿ ಹೊತ್ತಿಕೊಳ್ಳಲು ಬೇಕಾದದ್ದು 250 ಡಿಗ್ರಿಗಿಂತ ಕಡಿಮೆ. ಹೀಗೆ ಲೆಕ್ಕ ಹಾಕಿದರೆ ಕೊಡಗಿನ ಚಳಿಯಲ್ಲಿ ಎಂಜಿನ್ ಹೊತ್ತಿಕೊಳ್ಳದಿರಲು ಕಾರಣವೇ ಇಲ್ಲ.

ಆದರೆ ಈ ಲೆಕ್ಕಕ್ಕೆ ಒಂದು ಷರತ್ತಿದೆ: ಎಂಜಿನ್ ಬೇಗ ಬೇಗ ತಿರುಗಬೇಕು. ನಿಧಾನವಾಗಿ ತಿರುಗಿದರೆ ಒತ್ತಿದ ಗಾಳಿ ಸವೆದ ಪಿಸ್ಟನ್ ರಿಂಗ್‌ಗಳ ಸಂದಿಯಿಂದ ಸೋರಿಹೋಗುತ್ತದೆ. ಉಳಿದ ಬಿಸಿಯನ್ನು ತಣ್ಣಗಿರುವ ಕಬ್ಬಿಣ ಹೀರಿಕೊಳ್ಳುತ್ತದೆ. ನಿಧಾನವಾಗಿ ತಿರುಗುವುದಕ್ಕೆ ಎರಡು ಕಾರಣ. ರಾತ್ರಿಯ ತಂಪಿಗೆ ಎಂಜಿನ್ ಆಯಿಲ್ ಗಟ್ಟಿಯಾಗಿರುತ್ತದೆ. ಬ್ಯಾಟರಿಯ ಕಸುವೂ ಕುಗ್ಗಿರುತ್ತದೆ. ಸೀಸ–ಆಸಿಡ್ ಬ್ಯಾಟರಿಯ ಸಾಮರ್ಥ್ಯ ತಂಪಾದಂತೆ ಇಳಿಯುತ್ತ ಹೋಗುತ್ತದೆ. ನೀರು ಹೆಪ್ಪುಗಟ್ಟುವ ಸೊನ್ನೆ ಡಿಗ್ರಿಯಲ್ಲಿ ಅದು ಸುಮಾರು ಐದರಲ್ಲಿ ಒಂದು ಪಾಲು ಕಳೆದುಕೊಳ್ಳುತ್ತದೆ. ಹತ್ತು ಡಿಗ್ರಿಯಲ್ಲಿ ನಷ್ಟ ಅದಕ್ಕಿಂತ ಕಡಿಮೆ. ಹೊಸ ಬ್ಯಾಟರಿ ಇದನ್ನು ಸುಲಭವಾಗಿ ತಡೆದುಕೊಳ್ಳುತ್ತದೆ. ನಾಲ್ಕು ಮಳೆಗಾಲ ಕಂಡ, ಡಿಸ್ಟಿಲ್ಡ್ ವಾಟರ್ ಕಾಣದ, ಟರ್ಮಿನಲ್‌ಗಳಲ್ಲಿ ಬಿಳಿ–ಹಸಿರು ಪುಡಿ ಕಟ್ಟಿರುವ ಬ್ಯಾಟರಿಗೆ ಅಷ್ಟೇ ಸಾಕು, ಮಲಗಿಬಿಡುತ್ತದೆ.

ಲಡಾಖ್‌ನ ಕಥೆ ಬೇರೆ

‘ಚಳಿಗೆ ಡೀಸೆಲ್ ಗಟ್ಟಿಯಾಗಿದೆ’ ಎಂಬುದು ತೋಟದ ಶೆಡ್ಡಿನಲ್ಲಿ ಕೇಳಿಬರುವ ಇನ್ನೊಂದು ಮಾತು. ಡೀಸೆಲ್‌ನಲ್ಲಿ ಮೇಣದ ಅಂಶ ಇರುವುದು ನಿಜ. ಕಡು ಚಳಿಯಲ್ಲಿ ಅದು ಹರಳುಗಟ್ಟಿ ಫಿಲ್ಟರ್‌ಗೆ ಮೆತ್ತಿಕೊಳ್ಳುವುದೂ ನಿಜ. ಸೊನ್ನೆಗಿಂತ ಬಹಳ ಕೆಳಗಿಳಿಯುವ ಲಡಾಖ್‌ನಲ್ಲಿ ಜನ ಈ ಕಾಟ ಅನುಭವಿಸಿದವರು. ಅಲ್ಲಿಗೆಂದೇ ಇಂಡಿಯನ್ ಆಯಿಲ್ ಕಂಪನಿ 2019ರ ನವೆಂಬರ್‌ನಲ್ಲಿ ವಿಶೇಷ ಚಳಿಗಾಲದ ಡೀಸೆಲ್ ಬಿಡುಗಡೆ ಮಾಡಿತು. ಪಾಣಿಪತ್ ರಿಫೈನರಿಯಲ್ಲಿ ತಯಾರಾದ ಆ ಡೀಸೆಲ್ ಮೈನಸ್ 33 ಡಿಗ್ರಿಯಲ್ಲೂ ಹರಿಯುತ್ತದೆ.

ಕೊಡಗಿಗೆ ಅದರ ಹಂಗಿಲ್ಲ. ದೇಶದ ಡೀಸೆಲ್ ಮಾನದಂಡವಾದ ಐ.ಎಸ್‌. 1460ರ ಪ್ರಕಾರ, ಚಳಿಗಾಲದಲ್ಲಿ ಮಾರುವ ಡೀಸೆಲ್ 6 ಡಿಗ್ರಿವರೆಗೆ ಫಿಲ್ಟರ್ ಕಟ್ಟದಂತೆ ಇರಬೇಕು. ಬೇಸಿಗೆಯ ಡೀಸೆಲ್‌ಗೆ ಈ ಮಿತಿ ಸಡಿಲ, 18 ಡಿಗ್ರಿ. ಬಂಕಿನಿಂದ ಈ ವಾರ ತಂದ ಎಣ್ಣೆಗೆ ಮಡಿಕೇರಿಯ ಮುಂಜಾನೆಯಿಂದ ತೊಂದರೆಯಿಲ್ಲ. ಕಳೆದ ಬೇಸಿಗೆಯಲ್ಲಿ ಸ್ಪ್ರಿಂಕ್ಲರ್ ಪಂಪಿಗೆಂದು ತಂದು ಉಳಿಸಿಕೊಂಡ ಬ್ಯಾರಲ್ಲಿನ ತಳದ ಎಣ್ಣೆಯನ್ನು ಡಿಸೆಂಬರ್‌ನಲ್ಲಿ ಟ್ರ್ಯಾಕ್ಟರ್‌ಗೆ ಸುರಿಯುವವರು ಮಾತ್ರ ಯೋಚಿಸಬೇಕು.

ಅಸಲಿ ಕಳ್ಳರು: ನೀರು ಮತ್ತು ಗಾಳಿ

ಆ ಬ್ಯಾರಲ್ಲಿನಲ್ಲಿ ಮೇಣಕ್ಕಿಂತ ಹೆಚ್ಚು ಕಾಟ ಕೊಡುವುದು ನೀರು.

ಮಡಿಕೇರಿಯಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್ ಮೀರಿ ಮಳೆ ಬೀಳುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆ ಒಣಗದ, ಚಪ್ಪಲಿಗೆ ಬೂಷ್ಟು ಹಿಡಿಯುವ ನಾಡು ಇದು. ಮಳೆಗಾಲದಲ್ಲಿ ಟ್ರ್ಯಾಕ್ಟರ್‌ಗೆ ತೋಟದೊಳಗೆ ಕೆಲಸ ಕಡಿಮೆ. ಅರೆ ಖಾಲಿ ಟ್ಯಾಂಕಿನೊಂದಿಗೆ ವಾರಗಟ್ಟಲೆ ನಿಂತಿರುತ್ತದೆ. ಹಗಲು ಕೊಂಚ ಬೆಚ್ಚಗಾಗಿ ರಾತ್ರಿ ತಣ್ಣಗಾದಾಗಲೆಲ್ಲ ಟ್ಯಾಂಕಿನ ಖಾಲಿ ಭಾಗದ ತೇವದ ಗಾಳಿ ತಗಡಿನ ಒಳಮೈಗೆ ಹನಿಗಟ್ಟುತ್ತದೆ. ನೀರು ಡೀಸೆಲ್‌ಗಿಂತ ಭಾರ, ಆದ್ದರಿಂದ ತಳ ಸೇರುತ್ತದೆ. ಎಂಜಿನ್‌ಗೆ ಎಣ್ಣೆ ಹೋಗುವುದೂ ತಳದಿಂದಲೇ. ಬಂಕು ದೂರವಿರುವ ತೋಟಗಳಲ್ಲಿ ಕ್ಯಾನ್‌ನಲ್ಲಿ ಡೀಸೆಲ್ ತಂದಿಡುವುದು ರೂಢಿ. ಮುಚ್ಚಳ ಸರಿಯಿಲ್ಲದ ಕ್ಯಾನು ಸೂರಿನಡಿ ಕೂತಿದ್ದರೆ ಮಳೆನೀರು ನೇರವಾಗಿಯೇ ಸೇರುತ್ತದೆ.

ನೀರು ಸೇರಿದೆಯೇ ಎಂದು ತಿಳಿಯಲು ಮೆಕ್ಯಾನಿಕ್ ಬೇಕಿಲ್ಲ. ಫಿಲ್ಟರ್‌ನ ಕೆಳಗೆ ಬಟ್ಟಲಿದ್ದರೆ ಅದರ ತಳದ ತಿರುಪು ಸಡಿಲಿಸಿ ಒಂದು ಗಾಜಿನ ಲೋಟಕ್ಕೆ ಸ್ವಲ್ಪ ಎಣ್ಣೆ ಇಳಿಸಬೇಕು. ಐದು ನಿಮಿಷ ಅಲುಗಾಡಿಸದೆ ಇಟ್ಟರೆ ಮೇಲೆ ತಿಳಿ ಎಣ್ಣೆ, ಕೆಳಗೆ ಗುಂಡು ಗುಂಡಾಗಿ ಹೊರಳುವ ನೀರಿನ ಪದರ ಎದ್ದು ಕಾಣುತ್ತದೆ. ಆ ನೀರು ಇಂಜೆಕ್ಷನ್ ಪಂಪು, ನಾಝಲ್‌ಗಳಿಗೆ ತಲುಪಿದರೆ ತುಕ್ಕು ಹಿಡಿಸುತ್ತದೆ. ಅವುಗಳ ರಿಪೇರಿ ಖರ್ಚಿನಲ್ಲಿ ಒಂದು ಬ್ಯಾಟರಿಯೇ ಬಂದೀತು.

ಎರಡನೇ ಕಳ್ಳ ಗಾಳಿ. ಟ್ಯಾಂಕಿನಲ್ಲಿ ಎಣ್ಣೆ ಪೂರ್ತಿ ಬತ್ತಿದಾಗ, ರಬ್ಬರ್ ಪೈಪು ಬಿರುಕು ಬಿಟ್ಟಾಗ, ವಾಷರ್ ಹಳತಾದಾಗ ಎಣ್ಣೆಯ ಪೈಪಿನೊಳಗೆ ಗಾಳಿ ಸೇರುತ್ತದೆ. ಡ್ರೈವರ್‌ಗಳ ಮಾತಿನಲ್ಲಿ ‘ಏರ್ ಹಿಡಿದಿದೆ’. ಒತ್ತಿದರೆ ಗಾಳಿ ಕುಗ್ಗುತ್ತದೆ, ಎಣ್ಣೆ ಕುಗ್ಗುವುದಿಲ್ಲ. ಪಂಪು ಎಷ್ಟು ಒತ್ತಿದರೂ ಗುಳ್ಳೆ ಕುಗ್ಗುತ್ತದೆಯೇ ಹೊರತು ನಾಝಲ್ ತೆರೆಯುವಷ್ಟು ಒತ್ತಡ ಹುಟ್ಟುವುದಿಲ್ಲ. ಫಿಲ್ಟರ್ ತಲೆಯ ಸ್ಕ್ರೂ ಸಡಿಲಿಸಿ, ಕೈಪಂಪು ಒತ್ತುತ್ತ ಹೋದರೆ ಮೊದಲು ನೊರೆ ಬರುತ್ತದೆ, ಆಮೇಲೆ ಗುಳ್ಳೆ, ಕೊನೆಗೆ ಗುಳ್ಳೆಯಿಲ್ಲದ ಎಣ್ಣೆಯ ಎಳೆ. ಆಗ, ಪಂಪು ಒತ್ತುತ್ತಿರುವಾಗಲೇ, ಸ್ಕ್ರೂ ಬಿಗಿಯಬೇಕು. ಬಳಿಕ ಇಂಜೆಕ್ಷನ್ ಪಂಪಿನ ಸ್ಕ್ರೂಗೂ ಇದೇ ಉಪಚಾರ.

ಗಾಳಿಯೋ ಚಳಿಯೋ ಎಂದು ಪತ್ತೆ ಹಚ್ಚಲು ಸೈಲೆನ್ಸರ್ ನೋಡಿದರೆ ಸಾಕು. ಸೆಲ್ಫ್ ಹೊಡೆಯುವಾಗ ಬಿಳಿ ಹೊಗೆ ಬರುತ್ತಿದೆ ಎಂದರೆ ಎಣ್ಣೆ ಸಿಲಿಂಡರ್ ತಲುಪುತ್ತಿದೆ, ಉರಿಯಲು ಬಿಸಿ ಸಾಲುತ್ತಿಲ್ಲ ಎಂದರ್ಥ. ಆಗ ಬ್ಯಾಟರಿ, ಹೀಟರ್, ಕಂಪ್ರೆಶನ್ ನೋಡಬೇಕು. ಹೊಗೆಯೇ ಇಲ್ಲವೆಂದರೆ ಎಣ್ಣೆಯೇ ತಲುಪುತ್ತಿಲ್ಲ. ಗಾಳಿ, ನೀರು, ಕಟ್ಟಿಕೊಂಡ ಫಿಲ್ಟರ್, ಇವುಗಳಲ್ಲೊಂದು ಕಾರಣ. ಹಿಂದಿನ ಸಂಜೆ ಎಂಜಿನ್ ನಿಲ್ಲಿಸಲು ಎಳೆದ ಸ್ಟಾಪ್ ನಾಬ್ ಹಾಗೇ ಹೊರಗೆ ಉಳಿದಿದ್ದರೂ ಹೊಗೆ ಬರುವುದಿಲ್ಲ. ಅರ್ಧ ಗಂಟೆ ಬ್ಯಾಟರಿ ಸುಟ್ಟ ಮೇಲೆ ಆ ನಾಬ್ ಕಣ್ಣಿಗೆ ಬಿದ್ದ ಪ್ರಸಂಗಗಳಿಗೇನೂ ಕೊರತೆಯಿಲ್ಲ.

ಹೀಟರ್, ಹ್ಯಾಂಡಲ್, ಇಳಿಜಾರು

ಕಾಫಿ ಸಾಲುಗಳ ನಡುವೆ ಮತ್ತು ತೋಟದ ಇಕ್ಕಟ್ಟಾದ ದಾರಿಗಳಲ್ಲಿ ಓಡಾಡಬಲ್ಲ ಪುಟ್ಟ ಟ್ರ್ಯಾಕ್ಟರ್‌ಗಳು ಎಲ್ಲವೂ ಒಂದೇ ಬಗೆಯವಲ್ಲ. ಮಹೀಂದ್ರ ಯುವರಾಜ್ 215 ಒಂದೇ ಸಿಲಿಂಡರ್‌ನ 15 ಎಚ್‌.ಪಿ. ಯಂತ್ರ. ಬೆಂಗಳೂರಿನ ವಿ.ಎಸ್‌.ಟಿ. ಕಂಪನಿ 1967ರಲ್ಲಿ ಆರಂಭವಾಗಿ ಜಪಾನಿನ ಮಿತ್ಸುಬಿಷಿಯ ಸಹಯೋಗದಲ್ಲಿ ಬೆಳೆದದ್ದು. ಅದರ ಮಿತ್ಸುಬಿಷಿ ಶಕ್ತಿ ಟ್ರ್ಯಾಕ್ಟರ್‌ಗೆ ಮೂರು ಪುಟ್ಟ ಸಿಲಿಂಡರ್‌ಗಳು. ಕುಬೋಟಾದ 24 ಎಚ್‌.ಪಿ. ಟ್ರ್ಯಾಕ್ಟರೂ ಜಪಾನಿ ಮೂಲದ್ದೇ.

ಸ್ಟಾರ್ಟ್ ಮಾಡುವ ಕ್ರಮದಲ್ಲಿ ಈ ಭೇದ ಮುಖ್ಯ. ಕುಬೋಟಾದಂಥ ಎಂಜಿನ್‌ಗಳಲ್ಲಿ ಎಣ್ಣೆ ನೇರ ಸಿಲಿಂಡರ್‌ಗೆ ಬೀಳದೆ ಪಕ್ಕದ ಪುಟ್ಟ ಕೋಣೆಯಲ್ಲಿ ಸಿಂಪಡಣೆಯಾಗುತ್ತದೆ. ಓಡುವಾಗ ಸದ್ದು ಕಡಿಮೆ. ಆದರೆ ಆ ಕೋಣೆಯ ಗೋಡೆಗಳು ಬಿಸಿಯನ್ನು ಬೇಗ ಹೀರುವುದರಿಂದ ತಣ್ಣಗಿರುವಾಗ ಹೊತ್ತಿಕೊಳ್ಳುವುದು ಕಷ್ಟ. ಅದಕ್ಕೇ ಗ್ಲೋ ಪ್ಲಗ್, ಅಂದರೆ ‘ಹೀಟರ್’. ಕೀಲಿಯನ್ನು ಹೀಟರ್ ಗುರುತಿಗೆ ತಿರುಗಿಸಿ ಹತ್ತರಿಂದ ಇಪ್ಪತ್ತು ಸೆಕೆಂಡ್ ಕಾಯಬೇಕು, ಆಮೇಲೆ ಸೆಲ್ಫ್. ಪರ್ಕಿನ್ಸ್ ಮೂಲದ ಹಳೆಯ ಎಂಜಿನ್‌ಗಳಲ್ಲಿ ಥರ್ಮೋಸ್ಟಾರ್ಟ್ ಎಂಬ ಏರ್ಪಾಡಿತ್ತು. ಗಾಳಿ ಒಳಹೋಗುವ ಕೊಳವೆಯಲ್ಲೇ ಪುಟ್ಟ ಜ್ವಾಲೆ ಹಚ್ಚಿ ಗಾಳಿ ಬಿಸಿ ಮಾಡುವ ಉಪಾಯ ಅದು. ನೇರವಾಗಿ ಸಿಲಿಂಡರ್‌ಗೆ ಎಣ್ಣೆ ಸಿಂಪಡಿಸುವ ಎಂಜಿನ್‌ಗಳು ಕೊಡಗಿನ ಚಳಿಯಲ್ಲಿ ಹೀಟರ್ ಇಲ್ಲದೆಯೂ ಎದ್ದುಕೊಳ್ಳುತ್ತವೆ.

ಹೀಟರ್ ಕೆಟ್ಟಿರುವುದು ಬೇಸಿಗೆಯಲ್ಲಿ ಗೊತ್ತಾಗುವುದೇ ಇಲ್ಲ, ಎಂಜಿನ್ ಹಾಗೂ ಹೀಗೂ ಸ್ಟಾರ್ಟ್ ಆಗಿಬಿಡುತ್ತದೆ. ಮೂರರಲ್ಲಿ ಎರಡು ಪ್ಲಗ್ ಸುಟ್ಟಿದ್ದು ಡಿಸೆಂಬರ್‌ನಲ್ಲಿ ಬಯಲಾಗುತ್ತದೆ. ಬೈಗುಳ ಚಳಿಗೆ.

ಪವರ್ ಟಿಲ್ಲರ್‌ನದ್ದು ಇನ್ನೊಂದು ಬಗೆ. ಗದ್ದೆ ಇರುವ ಊರುಗಳಲ್ಲಿ ಅದೇ ಪುಟ್ಟ ಟ್ರ್ಯಾಕ್ಟರ್. ವಿ.ಎಸ್‌.ಟಿ.ಯ 13 ಎಚ್‌.ಪಿ. ಶಕ್ತಿ 130, ಪಕ್ಕದ ಕೇರಳ ಸರ್ಕಾರದ ಕಾಮ್ಕೊ ಕಂಪನಿಯ ಟಿಲ್ಲರ್, ಎಲ್ಲವನ್ನೂ ಹ್ಯಾಂಡಲ್ ಹೊಡೆದೇ ಎಬ್ಬಿಸುವ ಕಾಲವಿತ್ತು, ಈಗಲೂ ಹಲವು ಮನೆಗಳಲ್ಲಿ ಹಾಗೆಯೇ. ಕೊಡಗಿನಲ್ಲಿ ಟಿಲ್ಲರ್‌ಗೆ ಚಳಿಗಾಲಕ್ಕಿಂತ ಜೂನ್–ಜುಲೈ ಮಳೆಯೇ ಪರೀಕ್ಷೆ. ನಾಟಿಗೆ ಮುನ್ನ, ಗಾಳಿ–ಮಳೆಯ ನಡುವೆ, ತಿಂಗಳುಗಟ್ಟಲೆ ಮಲಗಿದ್ದ ಯಂತ್ರವನ್ನು ಎಬ್ಬಿಸಬೇಕು. ಡೀಕಂಪ್ರೆಶನ್ ಲಿವರ್ ಎತ್ತಿ ಹಿಡಿದರೆ ವಾಲ್ವ್ ತೆರೆದೇ ಇರುತ್ತದೆ, ಒತ್ತಡವಿಲ್ಲದೆ ಹ್ಯಾಂಡಲ್ ಹಗುರಾಗಿ ತಿರುಗುತ್ತದೆ. ಆಯಿಲ್ ಎಲ್ಲ ಕಡೆ ಹರಡಲು ಮೊದಲು ನಾಲ್ಕಾರು ಸುತ್ತು ನಿಧಾನವಾಗಿ, ಆಮೇಲೆ ಜೋರಾಗಿ. ವೇಗ ಸಿಕ್ಕ ಕ್ಷಣ ಲಿವರ್ ಬಿಟ್ಟರೆ ಭಾರವಾದ ಫ್ಲೈವೀಲ್ ತನ್ನ ಓಟದಲ್ಲೇ ಮೊದಲ ಒತ್ತಡವನ್ನು ದಾಟಿಸುತ್ತದೆ. ಅನುಭವಿಗಳು ಹ್ಯಾಂಡಲ್ ಹಿಡಿಯುವಾಗ ಹೆಬ್ಬೆರಳನ್ನು ಉಳಿದ ಬೆರಳುಗಳ ಬದಿಗೇ ಇಟ್ಟುಕೊಳ್ಳುತ್ತಾರೆ. ಎಂಜಿನ್ ಹಿಂದಕ್ಕೆ ಒದ್ದರೆ ಹ್ಯಾಂಡಲ್ ಕೈಯಿಂದ ಜಾರಿಹೋಗಲಿ ಎಂಬ ಎಚ್ಚರ ಅದು. ಸುತ್ತಿ ಹಿಡಿದ ಹೆಬ್ಬೆರಳೂ ಮಣಿಕಟ್ಟೂ ಮುರಿಯುವುದು ಆ ಒಂದು ಒದೆತದಲ್ಲಿ.

ಗುಡ್ಡದ ನಾಡಿಗೆ ತನ್ನದೇ ಆದ ಮತ್ತೊಂದು ಮಾರ್ಗವಿದೆ. ಬ್ಯಾಟರಿ ನಂಬದ ಡ್ರೈವರ್ ಸಂಜೆ ಟ್ರ್ಯಾಕ್ಟರನ್ನು ಇಳಿಜಾರಿನಲ್ಲೇ ನಿಲ್ಲಿಸಿ ಚಕ್ರಕ್ಕೆ ಕಲ್ಲು ಕೊಡುತ್ತಾನೆ. ಬೆಳಿಗ್ಗೆ ಕಲ್ಲು ತೆಗೆದು, ಮೇಲಿನ ಗೇರ್‌ಗೆ ಹಾಕಿ, ಉರುಳುತ್ತಿರುವಾಗ ಕ್ಲಚ್ ಬಿಟ್ಟರೆ ಎಂಜಿನ್ ಎದ್ದುಬಿಡುತ್ತದೆ. ಕೆಲವೊಮ್ಮೆ ಏಳುವುದಿಲ್ಲ. ಇಬ್ಬನಿಯಲ್ಲಿ ನೆನೆದ ಕೆಂಪು ಮಣ್ಣಿನ ಮೇಲೆ ಹಗುರ ಟ್ರ್ಯಾಕ್ಟರ್‌ನ ಹಿಂಚಕ್ರ ಎಂಜಿನ್ನನ್ನು ತಿರುಗಿಸುವ ಬದಲು ಅಲ್ಲೇ ನಿಂತು ಜಾರುತ್ತದೆ. ಪವರ್ ಸ್ಟೀರಿಂಗ್ ಇರುವ ಗಾಡಿಯಾದರೆ ಎಂಜಿನ್ ಓಡದಿದ್ದಾಗ ಸ್ಟೀರಿಂಗ್ ಕಲ್ಲಿನಂತೆ ಬಿಗಿ. ಹಿಂದೆ ತುಂಬಿದ ಟ್ರೈಲರ್ ಇದ್ದರೆ ಕೇಳುವುದೇ ಬೇಡ. ಬ್ಯಾಟರಿ ಡೌನ್ ಆಗಿದ್ದರೆ ಕೊಡಗಿನ ಮನೆಗಳಲ್ಲಿ ಹೇಗೂ ಜೀಪು ಇದ್ದೇ ಇರುತ್ತದೆ. 12 ವೋಲ್ಟ್‌ನ ಬ್ಯಾಟರಿಯಿಂದ 12 ವೋಲ್ಟ್‌ನ ಬ್ಯಾಟರಿಗೆ ದಪ್ಪ ಕೇಬಲ್ ಕೊಟ್ಟು, ಪ್ಲಸ್‌ಗೆ ಪ್ಲಸ್ ಜೋಡಿಸಿ, ಮೈನಸ್ ತಂತಿಯನ್ನು ಟ್ರ್ಯಾಕ್ಟರ್‌ನ ಬಣ್ಣವಿಲ್ಲದ ಕಬ್ಬಿಣದ ಭಾಗಕ್ಕೆ ಕಚ್ಚಿಸಿದರೆ ಇಳಿಜಾರಿನ ಸಾಹಸ ಬೇಕಾಗುವುದಿಲ್ಲ.

ಬೆಂಕಿಯ ಚಟ

ಎಣ್ಣೆಯಲ್ಲಿ ಅದ್ದಿದ ಬಟ್ಟೆಗೆ ಬೆಂಕಿ ಹಚ್ಚಿ ಗಾಳಿ ಎಳೆಯುವ ಬಾಯಿಯ ಮುಂದೆ ಹಿಡಿಯುವುದು ದೇಶದ ಎಲ್ಲೆಡೆ ಕಾಣುವ ಹಳೇ ಚಾಳಿ. ಯಂತ್ರಗಳ ಚರಿತ್ರೆ ನೋಡಿದರೆ ಬೆಂಕಿಯ ನಂಟು ಹೊಸದೇನಲ್ಲ. 1921ರಲ್ಲಿ ಜರ್ಮನಿಯ ಮನ್‌ಹೈಮ್‌ನಿಂದ ಬಂದ ಲಾಂಜ್ ಬುಲ್‌ಡಾಗ್ ಟ್ರ್ಯಾಕ್ಟರ್‌ನ ತಲೆಯನ್ನು ಬ್ಲೋ ಲ್ಯಾಂಪಿನಿಂದ ನಿಮಿಷಗಟ್ಟಲೆ ಕಾಯಿಸಿದ ಮೇಲೆಯೇ ಅದು ಓಡುತ್ತಿತ್ತು. ಇಂಗ್ಲೆಂಡಿನ ಫೀಲ್ಡ್ ಮಾರ್ಷಲ್ ಟ್ರ್ಯಾಕ್ಟರ್‌ನದ್ದು ಇನ್ನೂ ಮಜಾ. ಕೆಂಡದಂತೆ ಕನಲುವ ವಿಶೇಷ ಕಾಗದವನ್ನು ಸಿಲಿಂಡರ್ ತಲೆಗೆ ತುರುಕಿ, ಕೋವಿಯ ತೋಟೆಯನ್ನು ಹೋಲುವ ಕಾರ್ಟ್ರಿಜ್ ಇಟ್ಟು ಸುತ್ತಿಗೆಯಿಂದ ಬಡಿದರೆ ‘ಢಂ’ ಎಂದು ಎಂಜಿನ್ ಎದ್ದೇಳುತ್ತಿತ್ತು. ಕೋವಿಗೆ ಪೂಜೆ ಸಲ್ಲಿಸುವ ಕೊಡಗಿಗೆ ಆ ಟ್ರ್ಯಾಕ್ಟರ್ ಒಗ್ಗುತ್ತಿತ್ತೇನೋ.

ಅವು ಬೆಂಕಿಗೆಂದೇ ರೂಪಿಸಿದ ಯಂತ್ರಗಳು. ಇಂದಿನ ಟ್ರ್ಯಾಕ್ಟರ್‌ನ ಗಾಳಿ ಫಿಲ್ಟರ್ ಕಾಗದದ್ದು, ಪೈಪು ರಬ್ಬರಿನದ್ದು. ಪಕ್ಕದಲ್ಲೇ ಎಣ್ಣೆ ಜಿನುಗುವ ಪಂಪು, ಕಾಲ ಬುಡದಲ್ಲಿ ಒಣ ತರಗೆಲೆ, ಹಿಂದೆ ಗೋಣಿಯ ರಾಶಿ. ಬಟ್ಟೆಗೆ ಪೆಟ್ರೋಲ್ ಹಾಕಿದರಂತೂ ಸಿಲಿಂಡರ್‌ನಲ್ಲಿ ಹೊತ್ತಲ್ಲದ ಹೊತ್ತಲ್ಲಿ ಸ್ಫೋಟವಾಗಿ ಪಿಸ್ಟನ್ ರಿಂಗ್ ಮುರಿಯಬಹುದು. ಈಥರ್ ಇರುವ ಸ್ಟಾರ್ಟಿಂಗ್ ಸ್ಪ್ರೇಯನ್ನು ಹೀಟರ್ ಕಾದಿರುವ ಎಂಜಿನ್‌ಗೆ ಹೊಡೆಯುವುದೂ ಅಷ್ಟೇ ಅಪಾಯ. ಮೈಕೊರೆಯುವ ಚಳಿಯೆಂದು ಶೆಡ್ಡಿನ ಬಾಗಿಲು ಹಾಕಿಕೊಂಡು ಎಂಜಿನ್ ಬಿಸಿ ಮಾಡುವವರಿಗೆ ಇನ್ನೊಂದು ಮಾತು: ವಾಸನೆಯಿಲ್ಲದ ಕಾರ್ಬನ್ ಮೊನಾಕ್ಸೈಡ್ ಹೊಗೆಯ ಜತೆಗೇ ಇರುತ್ತದೆ.

ಅಷ್ಟೆಲ್ಲ ಕಸರತ್ತಿಗಿಂತ ಒಂದು ಕೆಟಲ್ ಬಿಸಿನೀರು ವಾಸಿ. ಬಟ್ಟೆ ಸುತ್ತಿ ಇಂಜೆಕ್ಷನ್ ಪೈಪು, ಇನ್‌ಲೆಟ್ ಕೊಳವೆಯ ಮೇಲೆ ಮೆಲ್ಲಗೆ ಸುರಿದರೆ ಹಟ ಹಿಡಿದ ಹಳೇ ಎಂಜಿನ್ ಎಷ್ಟೋ ಸಲ ಮಣಿಯುತ್ತದೆ. ವಿದ್ಯುತ್ ಭಾಗಗಳ ಮೇಲೆ ನೀರು ಬೀಳಬಾರದು, ಕಾದ ಎಂಜಿನ್ ಮೇಲೆ ತಣ್ಣೀರು ಎರಚಬಾರದು.

ಸಾಲು ಸಾಲು ಗಡುವು

ಚಿಕ್ಕ ಟ್ರ್ಯಾಕ್ಟರ್ ಒಂದು ದಿನ ನಿಂತರೆ ಏನು ಮಹಾ ಎನ್ನುವ ಹಾಗಿಲ್ಲ. ದೇಶದ ಕಾಫಿಯಲ್ಲಿ ಸುಮಾರು ಮೂರನೇ ಒಂದು ಪಾಲು ಬೆಳೆಯುವ ಜಿಲ್ಲೆ ಇದು. ನವೆಂಬರ್‌ನಿಂದ ಜನವರಿವರೆಗೆ ಅರೇಬಿಕಾ, ಅದರ ಬೆನ್ನಿಗೆ ರೋಬಸ್ಟಾ, ಫೆಬ್ರುವರಿ–ಮಾರ್ಚ್‌ಗೆ ಕರಿಮೆಣಸು. ಕೊಯ್ದ ಅರೇಬಿಕಾ ಹಣ್ಣನ್ನು ಅಂದೇ ಪಲ್ಪರ್‌ಗೆ ಹಾಕದಿದ್ದರೆ ಹುಳಿ ಹಿಡಿದು ರುಚಿ ಕೆಡುತ್ತದೆ. ರೋಬಸ್ಟಾ ಮೊಗ್ಗಿಗೆ ಹೂಮಳೆ ಬಾರದಿದ್ದರೆ ಡೀಸೆಲ್ ಪಂಪು ಹಚ್ಚಿ ಸ್ಪ್ರಿಂಕ್ಲರ್ ನೀರು ಕೊಡಬೇಕು, ಅದಕ್ಕೂ ದಿನ ಮೀರುವಂತಿಲ್ಲ. ಬಾಡಿಗೆಗೆ ಯಂತ್ರ ಕೊಡುವ ರಾಜ್ಯದ ಕೃಷಿ ಯಂತ್ರಧಾರೆ ಕೇಂದ್ರಗಳಿವೆ, ನಿಜ. ಆದರೆ ಎಲ್ಲರ ತೋಟದಲ್ಲೂ ಏಕಕಾಲಕ್ಕೆ ಕೆಲಸ ಬಿದ್ದಾಗ ಅಲ್ಲೂ ಸರದಿ.

ಸಂಜೆ ಕೆಲಸ ಮುಗಿದ ಮೇಲೆ ಟ್ಯಾಂಕ್ ತುಂಬಿಸಿಟ್ಟರೆ ಹನಿಗಟ್ಟಲು ಜಾಗವೇ ಉಳಿಯುವುದಿಲ್ಲ. ಕ್ಯಾನ್‌ನ ಎಣ್ಣೆಯನ್ನು ಒಂದು ರಾತ್ರಿ ಅಲುಗಿಸದೆ ಇಟ್ಟು, ತಳದ ಎರಡು ಬೆರಳಷ್ಟು ಬಿಟ್ಟು, ಜಾಳಿಗೆಯಲ್ಲಿ ಸೋಸಿ ಹಾಕಬೇಕು. ರಾತ್ರಿ ನಿಂತಿದ್ದ ಬ್ಯಾಟರಿಯಲ್ಲಿ ಬೆಳಿಗ್ಗೆ 12.6 ವೋಲ್ಟ್ ತೋರಿಸಿದರೆ ಭರ್ತಿ ಎಂದರ್ಥ. 12.2ಕ್ಕೆ ಇಳಿದಿದ್ದರೆ ಅರ್ಧ ಖಾಲಿ, ಚಾರ್ಜ್ ಮಾಡಿಸಬೇಕು. ಸೆಲ್ಫನ್ನು ಒಂದೇ ಸಮ ಹತ್ತು ಸೆಕೆಂಡ್‌ಗಿಂತ ಹೆಚ್ಚು ಹೊಡೆಯದೆ, ಮಧ್ಯೆ ಅರ್ಧ ನಿಮಿಷವಾದರೂ ಬಿಡುವು ಕೊಡಬೇಕು. ಕ್ಲಚ್ ಒತ್ತಿ ಹಿಡಿದೇ ಸೆಲ್ಫ್ ಹೊಡೆದರೆ ಗಟ್ಟಿ ಆಯಿಲ್‌ನಲ್ಲಿ ಮುಳುಗಿದ ಗೇರುಗಳನ್ನು ಎಂಜಿನ್ ಎಳೆಯಬೇಕಾಗಿಲ್ಲ. ಎಂಜಿನ್ ಎದ್ದ ಮೇಲೆ ತಕ್ಷಣ ರೇಸ್ ಮಾಡದೆ ಎರಡು–ಮೂರು ನಿಮಿಷ ಸುಮ್ಮನೆ ಓಡಲು ಬಿಟ್ಟು, ನಂತರ ಹಗುರ ಕೆಲಸಕ್ಕೆ ಒಯ್ಯಬೇಕು. ಮಳೆಗಾಲದಲ್ಲಿ ಮೇಲ್ಮುಖ ಸೈಲೆನ್ಸರ್‌ನ ಬಾಯಿಗೆ ಕರಟವನ್ನೋ ತಗಡಿನ ಡಬ್ಬಿಯನ್ನೋ ಮುಚ್ಚಿದ್ದರೆ, ಕೊಯ್ಲಿಗೆ ಮುನ್ನ ಅದನ್ನು ತೆಗೆದು ಒಳಗೆ ಕಣಜ ಗೂಡು ಕಟ್ಟಿದೆಯೇ ನೋಡಬೇಕು. ಇಲಿ ವೈರ್ ಕಡಿದಿದೆಯೇ ಎಂಬುದೂ ಆಗಲೇ ಗೊತ್ತಾಗುತ್ತದೆ.

ಇದಕ್ಕೆಲ್ಲ ದಿನ ಹುಡುಕಬೇಕಾದ್ದೂ ಇಲ್ಲ. ನಾಟಿ ಮುಗಿದ ಮೇಲೆ ಸೆಪ್ಟೆಂಬರ್ ಆರಂಭದಲ್ಲಿ ಕೈಲ್ ಪೊಳ್ದ್ ಬರುತ್ತದೆ, ಕೋವಿ, ಕತ್ತಿಗಳ ಜತೆಗೆ ಬೇಸಾಯದ ಸಲಕರಣೆಗೂ ಅಂದು ಪೂಜೆ. ಅದರ ಹಿಂದೆಯೇ ಆಯುಧ ಪೂಜೆ. ಟ್ರ್ಯಾಕ್ಟರ್‌ಗೆ ಹೂಮಾಲೆ ಹಾಕುವ ಮುನ್ನ ಫಿಲ್ಟರ್ ತಳದ ನೀರು ಇಳಿಸಿ, ಬ್ಯಾಟರಿ ಟರ್ಮಿನಲ್ ತೊಳೆದು ವ್ಯಾಸಲಿನ್ ಸವರಿ, ಹೀಟರ್ ಪ್ಲಗ್‌ಗಳನ್ನು ಮೆಕ್ಯಾನಿಕ್‌ಗೆ ಒಮ್ಮೆ ತೋರಿಸಿಬಿಡಿ. ಡಿಸೆಂಬರ್‌ನಲ್ಲಿ ಅದೇ ಮೆಕ್ಯಾನಿಕ್‌ಗೆ ಫೋನ್ ಮಾಡಿದರೆ ನಿಮಗಿಂತ ಮೊದಲು ಹತ್ತು ತೋಟದವರು ಮಾಡಿರುತ್ತಾರೆ.